ಕೊಕ್ಕರೆ ಬಣ್ಣದ ಕುದುರೆಮರಿ

ಹೆರಿಗೆ ಮುಗಿದ ಮೇಲೆ ತಿಬುರ್ಸಿಯಾ ಕೆಸಾದಾ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಹೊರಗೆ ಬಂದು ತನ್ನ ಕುದುರೆಯ ಕತ್ತಿಗೆ ಹಣೆ ಒತ್ತಿ ನಿಲ್ಲುವುದು. ಒಳಗೆ ಕೂಸು ಕಿರುಚುತ್ತಿರುತ್ತಿತ್ತು, ಮನೆಯ ಹೆಂಗಸರು ಕಾಫಿಗೆ ನೀರಿಡುತ್ತಿದ್ದರು, ಗಂಡಸರು ಯಾರ ಕೈ ಕುಲುಕಬೇಕೆಂದು ತಿಳಿಯದೆ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಇವಳು ಮಾತ್ರ ಕೈ ತೊಳೆದು, ಒರೆಸಿಕೊಳ್ಳದೆ, ಆ ಕರಿ ಕುದುರೆಯ ಬಿಸಿ ಕತ್ತಿಗೆ ಹಣೆ ಇಟ್ಟು, ಅಷ್ಟು ಹೊತ್ತು ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಬಿಟ್ಟುಬಿಡುತ್ತಿದ್ದಳು. ಎಲ್ ಸಾಲಿತ್ರೆ ಎಂಬ ಆ ಊರಿನ ಜನ ಕಿಟಕಿಯಿಂದ ಇದನ್ನು ಕಂಡರೆ ಸಾಕು, ತಾಯಿ ಮಗು ಇಬ್ಬರೂ ಗೆದ್ದರು ಎಂದು ತಿಳಿದುಕೊಳ್ಳುತ್ತಿದ್ದರು. ಅವಳು ಬಾಯಿ ಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ.

ಬಬಿಕೋರಾ ಬಯಲೆಂದರೆ ಹುಲ್ಲು, ಗಾಳಿ ಮತ್ತು ನಡುವೆ ಒಂದು ತೆಳುವಾದ ಸರೋವರ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಹರದಾರಿಗಟ್ಟಲೆ ದಾರಿ. ಆ ಕಾಲಕ್ಕೆ ಲಾರಿ ಬರುತ್ತಿದ್ದುದು ಮರ ಕೊಯ್ಯುವ ಕಾರ್ಖಾನೆಯವರೆಗೆ. ಅಲ್ಲಿಂದ ಈಚೆಗೆ ಎಲ್ಲಕ್ಕೂ ಕುದುರೆಯೇ ಗತಿ. ತಿಬುರ್ಸಿಯಾಳ ಗಂಡ ಆನ್ಸೆಲ್ಮೊ ದನ ಕಾಯುತ್ತಿದ್ದವನು. ಹಿಮದಲ್ಲಿ ಜ್ವರ ಹಿಡಿದು ತೀರಿಕೊಂಡಾಗ ಅವನು ಬಿಟ್ಟುಹೋದದ್ದು ಎರಡು ಕೋಣೆಯ ಮಣ್ಣಿನ ಮನೆ, ಒಂದು ಹಳೆಯ ಜೀನು ಮತ್ತು ಗೊಲೊಂದ್ರಿನಾ ಎಂಬ ಕರಿ ಹೆಣ್ಣುಕುದುರೆ. ಅತ್ತೆಯಿಂದ ಕಲಿತ ಸೂಲಗಿತ್ತಿಯ ಕೆಲಸಕ್ಕೂ ಆ ಕುದುರೆಗೂ ಹೇಳಿ ಮಾಡಿಸಿದಂತೆ ಹೊಂದಿಕೆಯಾಯಿತು. ಯಾರ ಮನೆಯ ಅಂಗಳದಲ್ಲಾದರೂ ಅದು ಎಷ್ಟು ಹೊತ್ತು ಬೇಕಾದರೂ ಕಟ್ಟದೆ ನಿಲ್ಲುತ್ತಿತ್ತು. ಹೆಂಗಸಿನ ಚೀರಾಟಕ್ಕೆ ಬೆಚ್ಚುತ್ತಿರಲಿಲ್ಲ. ಹಿಂತಿರುಗುವಾಗ ಇವಳು ಜೀನಿನ ಮೇಲೆಯೇ ತೂಕಡಿಸಿದರೆ, ಮನೆಯ ಬಾಗಿಲಿಗೆ ತಂದು ನಿಲ್ಲಿಸಿ ಕೆಮ್ಮಿ ಎಬ್ಬಿಸುತ್ತಿತ್ತು.

ಆದರೆ ಗೊಲೊಂದ್ರಿನಾಗೂ ವಯಸ್ಸಾಯಿತು. ಒಂದು ಚಳಿಗಾಲ ಇಳಿಜಾರಿನಲ್ಲಿ ಎರಡು ಸಲ ಮುಗ್ಗರಿಸಿತು. ಮೂರನೆಯ ಸಲ ಮುಗ್ಗರಿಸುವ ಹೊತ್ತಿಗೆ ಯಾರದೋ ಮನೆಯಲ್ಲಿ ಯಾರೋ ನೋವು ತಿನ್ನುತ್ತ ಇವಳ ದಾರಿ ಕಾಯುತ್ತಿರುತ್ತಾರೆ ಎಂದು ತಿಬುರ್ಸಿಯಾಳಿಗೆ ಯೋಚನೆ ಹತ್ತಿತು. ಒಂದು ಮರಿ ಬೇಕು, ಇದೇ ಕುದುರೆಯ ಹೊಟ್ಟೆಯದು, ಇದರ ಹಿಂದೆಯೇ ಓಡಾಡಿ ಇದರ ನಡತೆ ಕಲಿಯುವಂಥದು ಎಂದು ನಿಶ್ಚಯಿಸಿದಳು. ಮರಿ ಹೊರುವಷ್ಟು ಬೆಳೆಯುವವರೆಗೆ ಮುದುಕಿ ಹೇಗೋ ಎಳೆದೀತು.

ಗಂಡುಕುದುರೆ ಇದ್ದದ್ದು ನಿಕಾನೋರ್ ಲೋಯಾನ ಬಳಿ. ಅವನ ಮೊದಲ ಮಗನಿಗೆ ಚರ್ಚಿನಲ್ಲಿ ಹೆಸರಿಟ್ಟು ದೀಕ್ಷೆಯ ನೀರು ಹಾಕಿಸಿದಾಗ ದೇವತಾಯಿಯಾಗಿ ನಿಂತವಳು ತಿಬುರ್ಸಿಯಾ. ಅಂದಿನಿಂದ ಅವನು ಇವಳಿಗೆ ಕೊಂಪಾದ್ರೆ, ಇವಳು ಅವನಿಗೂ ಅವನ ಹೆಂಡತಿ ಎಫಿಹೇನಿಯಾಳಿಗೂ ಕೊಮಾದ್ರೆ. ಬೀಗತನಕ್ಕಿಂತ ಒಂದು ಗೇಣು ಹೆಚ್ಚಿನ ನೆಂಟಸ್ತಿಕೆ. ಅವನ ಕುದುರೆಯ ಹೆಸರು ಸೆನಿಸೋ, ಬಣ್ಣ ಗ್ರುಯೋ. ಒಲೆಯ ಬೂದಿಗೆ ಒಂದು ಹಿಡಿ ಒಣಮಣ್ಣು ಬೆರೆಸಿದರೆ ಯಾವ ಬಣ್ಣ ಬರುತ್ತದೋ ಅದು. ಬೂದಿಯೂ ಅಲ್ಲ, ಕಂದೂ ಅಲ್ಲ. ಚಳಿಗಾಲದಲ್ಲಿ ಸರೋವರಕ್ಕೆ ಇಳಿಯುವ ಕೊಕ್ಕರೆಗಳದ್ದೂ ಅದೇ ಬಣ್ಣ, ಆ ಹಕ್ಕಿಯ ಹೆಸರೇ ಈ ಬಣ್ಣಕ್ಕೂ ಬಂದದ್ದು. ಬೆನ್ನ ಮೇಲೆ ಕೇಸರದಿಂದ ಬಾಲದವರೆಗೆ ಇದ್ದಲಿನಲ್ಲಿ ಎಳೆದಂತೆ ಒಂದು ಗೆರೆ, ಕಾಲುಗಳಿಗೆ ಅಡ್ಡ ಪಟ್ಟೆ, ಮುಖ ಕಪ್ಪು. ತಾತನ ಕಾಲದಿಂದ ಲೋಯಾ ಮನೆಯಲ್ಲಿ ಒಂದಾದರೂ ಗ್ರುಯೋ ಇದ್ದೇ ಇತ್ತು. ಆದರೆ ಸೆನಿಸೋ ಇಷ್ಟು ವರ್ಷದಲ್ಲಿ ಕೆಂಪು, ಕಪ್ಪು, ಕಂದು ಎಲ್ಲ ಹುಟ್ಟಿಸಿತೇ ಹೊರತು ತನ್ನ ಬಣ್ಣದ ಒಂದು ಮರಿಯನ್ನೂ ಕೊಟ್ಟಿರಲಿಲ್ಲ. ಅದಕ್ಕೂ ವಯಸ್ಸಾಗುತ್ತಿತ್ತು.

"ಗ್ರುಯೋ ಕುದುರೆ ಸತ್ತ ಮ್ಯಾಲೂ ಅರ್ಧ ಹರದಾರಿ ನಡೀತದೆ ಕೊಮಾದ್ರೆ," ಎಂದು ನಿಕಾನೋರ್ ತನ್ನ ಕುದುರೆಯ ಬೆನ್ನು ತಟ್ಟಿದ. "ಕಲ್ಲಿನ ಗೊರಸು. ಮುಳ್ಳು ತಿಂದು ಬದುಕ್ತದೆ."

"ನಿನ್ನಂಗೇ ಅನ್ನು," ಎಂದಳು ತಿಬುರ್ಸಿಯಾ. "ನಿನ್ನ ಹೆಂಡ್ತಿ ಅಡಿಗೆ ತಿಂದೂ ಬದುಕಿದ್ದೀಯಲ್ಲ."

ಒಳಗಿನಿಂದ ಎಫಿಹೇನಿಯಾ, "ನಂಗೆ ಕೇಳಿಸ್ತಾ ಐತೆ!" ಎಂದು ಕೂಗಿದಳು.

ಬಯಲಿನ ಪದ್ಧತಿಯಂತೆ ಒಪ್ಪಂದವಾಯಿತು. ಗಂಡುಕುದುರೆಯವನಿಗೆ ಕೊಡಲು ಹೆಣ್ಣುಕುದುರೆಯವರ ಬಳಿ ಏನೂ ಇಲ್ಲದಿದ್ದರೆ, ಮರಿಯ ಬಣ್ಣವೇ ತೀರ್ಮಾನ: ತಂದೆಯ ಬಣ್ಣ ತಂದೆಗೆ, ತಾಯಿಯ ಬಣ್ಣ ತಾಯಿಗೆ. ಹುಟ್ಟಿದಾಗ ಸಾಕ್ಷಿಯ ಮುಂದೆ ಬಣ್ಣ ಹೇಳಬೇಕು, ಹೇಳಿದ ಮೇಲೆ ಮುಗಿಯಿತು. ಇಬ್ಬರೂ ಸೆನಿಸೋವಿನ ಬೆನ್ನ ಮೇಲಿನಿಂದ ಕೈ ಚಾಚಿ ಕೈಗೆ ಕೈ ಹೊಡೆದರು. ಸಾಕ್ಷಿಗೆ ಲಾಳ ಕಟ್ಟುವ ಮುದುಕ ಸಿಪ್ರಿಯಾನೋ ಇದ್ದ.

"ಅಪ್ಪಂದೂ ಅಲ್ದೆ ಅವ್ವಂದೂ ಅಲ್ದೆ ಬ್ಯಾರೆ ಬಣ್ಣ ಬಂದ್ರೆ?" ಎಂದ ಸಿಪ್ರಿಯಾನೋ.

"ಹಂಗಾದ್ರೆ ಪಾದ್ರಿಗೆ ಕೊಡಾನ," ಎಂದ ನಿಕಾನೋರ್. "ಅವರ ಕತ್ತೆ ಮೇಲೇ ಅನುಮಾನ."

ಮರಿ ಹುಟ್ಟಿದ್ದು ಮುಂದಿನ ಚಳಿಗಾಲದ ಕೊನೆಯಲ್ಲಿ, ಕೊಕ್ಕರೆಗಳು ಹೊರಟ ಬೆಳಿಗ್ಗೆ. ಸರೋವರದಿಂದ ಎದ್ದ ಸಾಲು ಸಾಲು ಹಕ್ಕಿಗಳು ಆಕಾಶದಲ್ಲಿ ಕೂಗುತ್ತ ಉತ್ತರಕ್ಕೆ ಹೋಗುತ್ತಿದ್ದವು. ಕೆಳಗೆ ಹುಲ್ಲಿನ ಮೇಲೆ ಗೊಲೊಂದ್ರಿನಾ ತನ್ನ ಹೆಣ್ಣುಮರಿಯನ್ನು ನೆಕ್ಕುತ್ತಿತ್ತು. ತಿಬುರ್ಸಿಯಾ ಗೋಣಿಯಿಂದ ಅದನ್ನು ಒರೆಸಿದಳು. ಒದ್ದೆ ಆರಿದಂತೆ ಬಣ್ಣ ಮೇಲೆ ಬಂತು. ಬೂದಿಗೆ ಮಣ್ಣು ಬೆರೆಸಿದ್ದು. ಬೆನ್ನ ಮೇಲೆ ಒಂದು ಗೆರೆಯೂ ಇತ್ತು. ಕಾಲಿನ ಮೇಲೆ ಪಟ್ಟೆಯ ನೆರಳು.

ಸಿಪ್ರಿಯಾನೋ ಆ ದಾರಿಯಲ್ಲೇ ಲಾಳದ ಚೀಲ ಹೊತ್ತು ಬಂದವನು ಬೇಲಿಗೆ ಒರಗಿ ನಿಂತ. "ಏನಮ್ಮಾ ತಿಬು, ಏನು ಬಣ್ಣ?"

ಕೊಕ್ಕರೆ ಹೊರಡುವ ದಿನ ಹುಟ್ಟಿದ ಮರಿಗೆ ಕೊಕ್ಕರೆ ತನ್ನ ಬಣ್ಣ ಬಿಟ್ಟು ಹೋಗುತ್ತದೆ ಎಂದು ಆ ಬಯಲಿನಲ್ಲಿ ಎಲ್ಲರೂ ನಂಬುತ್ತಿದ್ದರು. ತಿಬುರ್ಸಿಯಾ ಒಮ್ಮೆ ಆಕಾಶ ನೋಡಿದಳು, ಒಮ್ಮೆ ಮರಿಯನ್ನು ನೋಡಿದಳು. ಮರಿ ಕೈ ತಪ್ಪಿಹೋಗುತ್ತದೆಂದು ಗೊತ್ತಿತ್ತು. ಆದರೂ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ಗ್ರುಯೋ," ಎಂದಳು.

ಅಂದು ಮಧ್ಯಾಹ್ನವೇ ನಿಕಾನೋರ್ ಓಡಿ ಬಂದ. ಮರಿಯನ್ನು ಸುತ್ತು ಹಾಕಿ ಸುತ್ತು ಹಾಕಿ ನೋಡಿದ. ಕಣ್ಣಲ್ಲಿ ನೀರು. ಜೇಬಿನಿಂದ ಕೆಂಪು ಉಣ್ಣೆಯ ದಾರ ತೆಗೆದು ಅದರ ಕತ್ತಿಗೆ ಕಟ್ಟಿದ. ದೃಷ್ಟಿಗೂ ಆಯಿತು, ಗುರುತಿಗೂ ಆಯಿತು. ಗ್ರುಯಾ, ಅಂದರೆ ಕೊಕ್ಕರೆ, ಎಂದು ಹೆಸರಿಟ್ಟ. ಹಾಲು ಬಿಡುವವರೆಗೆ ಮರಿ ತಾಯಿಯ ಬಳಿಯೇ ಇರಬೇಕು, ಆಮೇಲೆ ಅವನ ಮನೆಗೆ. ಹೊರಡುವಾಗ ಅವನಿಗೆ ತಿಬುರ್ಸಿಯಾಳ ಮುಖ ಕಂಡಿತು. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ.

"ಕೊಮಾದ್ರೆ, ನಿಂಗೂ ಬೇಕಿತ್ತು, ನಂಗೊತ್ತು. ಬೇಕಾದ್ರೆ..."

"ತಂದೆ ಬಣ್ಣ ತಂದೆಗೆ," ಎಂದಳು ತಿಬುರ್ಸಿಯಾ. "ಕೈ ಹೊಡೆದಿದ್ದೀವಿ. ಕಾಫಿ ಕುಡಿದು ಹೋಗು."

ಎಫಿಹೇನಿಯಾ ಆಗ ಏಳನೆಯ ತಿಂಗಳ ಬಸುರಿ. ಹೊಟ್ಟೆ ಹೊತ್ತುಕೊಂಡು ಮರುದಿನ ಗಾಡಿಯಲ್ಲಿ ಬಂದಳು, ಒಂದು ಗಡಿಗೆ ಬೀನ್ಸ್ ಹಿಡಿದು. "ನನ್ನ ಗಂಡ ಮನುಷ್ಯ ಅಲ್ಲ, ಗೂಟ. ನನ್ನ ಮಕ್ಕಳನ್ನೆಲ್ಲ ಎಳೆದು ಹೊರಗೆ ಹಾಕಿದವಳ ಕುದುರೆ ಎಳಕೊಂಡು ಹೋಗ್ತಾನಂತೆ! ನೀನೇ ಇಟ್ಕೊ. ಅವನಿಗೆ ನಾನು ಹೇಳ್ತೀನಿ."

ತಿಬುರ್ಸಿಯಾ ನಕ್ಕು ತಲೆಯಾಡಿಸಿದಳು. ಹೆರಿಗೆಗೆ ಆಯಾ ಮನೆಯವರು ಕೊಟ್ಟದ್ದನ್ನು ತೆಗೆದುಕೊಳ್ಳುವುದು ಅವಳ ಕ್ರಮ: ಒಂದು ಕೋಳಿ, ಒಂದು ಹೊರೆ ಸೌದೆ, ಗಿಣ್ಣಿನ ಒಂದು ಮುದ್ದೆ. ಇಲ್ಲದವರು ಏನೂ ಕೊಡುತ್ತಿರಲಿಲ್ಲ, ಮತ್ತೆ ಕರೆಯಲು ನಾಚುತ್ತಲೂ ಇರಲಿಲ್ಲ. ಲೋಯಾ ಮನೆಯಿಂದ ಸೂಲಗಿತ್ತಿಗೆ ಕುದುರೆ ಹೋಯಿತು ಎಂದು ನಾಳೆ ಸುದ್ದಿಯಾದರೆ, ಕೋಳಿಯೂ ಇಲ್ಲದ ಮನೆಯ ಹೆಂಗಸು ಯಾವ ಮುಖ ಇಟ್ಟುಕೊಂಡು ಇವಳಿಗೆ ಹೇಳಿಕಳಿಸಿಯಾಳು? ಇದನ್ನೆಲ್ಲ ಬಿಡಿಸಿ ಹೇಳಲು ಅವಳಿಗೆ ಬರಲಿಲ್ಲ. "ಬ್ಯಾಡ ಕಣೇ," ಎಂದಷ್ಟೇ ಹೇಳಿ ಬೀನ್ಸ್ ಗಡಿಗೆಯನ್ನು ಒಲೆಯ ಪಕ್ಕ ಇಟ್ಟಳು.

ವಸಂತ ಹೀಗೆ ಕಳೆಯಿತು. ಮರಿ ತಾಯಿಯ ಹಿಂದೆ ಕೆಂಪು ದಾರ ತೊಟ್ಟು ಓಡಾಡಿತು. ತಿಬುರ್ಸಿಯಾ ಹೋದ ಮನೆಗಳಿಗೆಲ್ಲ ಅದೂ ಬಂತು. ಅಂಗಳದಲ್ಲಿ ನಿಲ್ಲುವುದನ್ನು ಕಲಿಯಿತು. ಒಳಗಿನ ಚೀರಾಟಕ್ಕೆ ಮೊದಲ ಸಲ ಬೇಲಿಯವರೆಗೆ ಓಡಿತು, ಎರಡನೆಯ ಸಲ ಕಿವಿ ಮಾತ್ರ ಆಡಿಸಿತು. ಒಳ್ಳೆಯ ಮರಿ ಎನಿಸಿದಷ್ಟೂ ಇವಳಿಗೆ ಸಂಕಟ ಹೆಚ್ಚಿತು. ಕೊಡಬೇಕಾದ ಮಗುವಿಗೆ ಹಾಲೂಡಿಸಿದಂತೆ.

ಬೇಸಿಗೆಯ ಆರಂಭದಲ್ಲಿ, ಹಾಲು ಕರೆಯುವ ಹೊತ್ತಿಗೆ, ಎಫಿಹೇನಿಯಾಳಿಗೆ ನೋವು ಬಂತು. ಸುಲಭದ ಹೆರಿಗೆ, ಬಿಸಿಲು ಬಲಿಯುವುದರೊಳಗೆ ಗಂಡುಮಗು ಹುಟ್ಟಿ ಅತ್ತೂ ಆಯಿತು. ನಿಕಾನೋರ್ ಒಳಗೆ ಬಂದು ಬಟ್ಟೆ ಸರಿಸಿ ನೋಡಿದ. ಮಗುವಿನ ತಲೆಯ ಮೇಲೆ ಮೆಕ್ಕೆಜೋಳದ ತೆನೆಗೂದಲಿನಂಥ ಕೆಂಚು ಎಳೆಗಳು.

"ಇದೇನ್ ಕೊಮಾದ್ರೆ ಇದು! ನಮ್ಮ ಮನೇಲಿ ಎಲ್ಲಾ ಕಾಗೆ ಬಣ್ಣದೋರು. ಈ ಕೆಂಚ ಎಲ್ಲಿಂದ ಬಂದ?"

"ಕಾರ್ಖಾನೆ ಯಜಮಾನರು ಒಂದ್ಸಲ ನೀರು ಕೇಳ್ಕೊಂಡು ಬಂದಿದ್ರಲ್ಲ," ಎಂದಳು ಎಫಿಹೇನಿಯಾ ಮಂಚದಿಂದ, ದಣಿದ ದನಿಯಲ್ಲಿಯೇ ನಗುತ್ತ.

"ನಿನ್ನ ಬಾಯಿಗೆ ಬೀಗ ಹಾಕ!"

ತಿಬುರ್ಸಿಯಾ ಎಲ್ಲ ತಂದೆಯಂದಿರಿಗೂ ಹೇಳುವ ಮಾತನ್ನೇ ಹೇಳಲು ಬಾಯಿ ತೆರೆದಳು. ಅತ್ತೆ ಅವಳಿಗೆ ಕಲಿಸಿದ್ದು, ಆ ಬಯಲಿನ ಅರ್ಧ ಮನೆಗಳಲ್ಲಿ ಅವಳು ಹೇಳಿದ್ದು. "ಸುಮ್ನಿರು ಕೊಂಪಾದ್ರೆ. ಹುಟ್ಟುಗೂದಲು ಉದುರೋವರೆಗೂ ಬಣ್ಣ..."

ಅಲ್ಲಿಗೆ ನಿಂತಳು. ಬಾಯಿ ತೆರೆದಂತೆಯೇ ಇತ್ತು. ನಿಕಾನೋರ್ ತಲೆಯೆತ್ತಿ ನೋಡಿದ. "ಬಣ್ಣ ಏನು?"

"ಏನಿಲ್ಲ," ಎಂದು ಅವಳು ಕೈ ತೊಳೆಯಲು ಹೊರಗೆ ನಡೆದಳು.

ಆ ದಿನ ಅವಳು ಕುದುರೆಯ ಕತ್ತಿಗೆ ಹಣೆ ಇಡಲಿಲ್ಲ. ಕಿಟಕಿಯಿಂದ ನೋಡುತ್ತಿದ್ದ ಹೆಂಗಸರು ಗಾಬರಿಯಾಗಿ ಬಾಣಂತಿಯ ಹಣೆ ಮುಟ್ಟಿ ಮುಟ್ಟಿ ನೋಡಿದರಂತೆ. ತಿಬುರ್ಸಿಯಾ ಮರಿಯ ಮುಂದೆ ಕುಕ್ಕರಿಸಿ ಕುಳಿತಿದ್ದಳು. ಅದರ ಕಣ್ಣಿನ ಸುತ್ತ, ಮೂತಿಯ ಸುತ್ತ, ಹೊಸ ಕೂದಲು ಕಪ್ಪಗೆ ಇಣುಕುತ್ತಿತ್ತು. ಕರಿ ಕುದುರೆಯ ಮರಿಯೂ ಕೆಲವೊಮ್ಮೆ ಬೂದಿ ಬಣ್ಣದಲ್ಲೇ ಹುಟ್ಟುತ್ತದೆ, ಬೆನ್ನ ಗೆರೆಯೂ ಎಳೆಗೂದಲಿನ ಜೊತೆ ಉದುರಿಹೋಗುತ್ತದೆ ಎಂದು ಆನ್ಸೆಲ್ಮೊ ಎಂದೋ ಹೇಳಿದ್ದು ಈಗ ನೆನಪಾಯಿತು. ಮನುಷ್ಯರ ಕೂಸಿಗೆ ಇಷ್ಟು ವರ್ಷ ಹೇಳಿಕೊಂಡು ಬಂದ ಮಾತನ್ನು ಕುದುರೆಯ ಕೂಸಿಗೆ ಹೇಳಲು ಮರೆತಿದ್ದಳು. ಕೊಕ್ಕರೆಗಳ ಕೂಗಿಗೆ ಕಿವಿಗೊಟ್ಟು ಒಂದೇ ಬೆಳಿಗ್ಗೆ ಬಣ್ಣ ಸಾರಿಬಿಟ್ಟಿದ್ದಳು.

ಆದರೆ ಗ್ರುಯೋವಿನ ಮುಖವೂ ಕಪ್ಪೇ. ಸೆನಿಸೋವನ್ನು ನೋಡಿದರೆ ಗೊತ್ತಾಗುತ್ತದೆ. ಮುಖದ ಕಪ್ಪು ಎರಡೂ ಕಡೆಗೆ ಸಾಕ್ಷಿ ಹೇಳುತ್ತಿತ್ತು.

ಹಾಗೆಂದು ಹೋಗಿ ಕೇಳುವುದೆಂತು? ಇವತ್ತೇ ಆ ಮನೆಯ ಮಗುವನ್ನು ಎತ್ತಿ ಕೊಟ್ಟು, ಇವತ್ತೇ ಕುದುರೆಯ ಮಾತೆತ್ತಿದರೆ, ಅದು ಕೂಲಿ ಕೇಳಿದಂತೆ. ಕೊಟ್ಟ ಮಾತು ಬಿಟ್ಟ ಬಾಣ. ಅವಳು ಒಂದು ಗಿಣ್ಣಿನ ಮುದ್ದೆ ಇಸಿದುಕೊಂಡು ಮನೆಗೆ ಹೋದಳು. ಆಮೇಲೆ ಪ್ರತಿ ಬೆಳಿಗ್ಗೆ ಮರಿಯನ್ನು ಬಿಸಿಲಿಗೆ ತಿರುಗಿಸಿ ನೋಡುವುದೇ ಕೆಲಸವಾಯಿತು. ಮುಖದ ಕಪ್ಪು ಕೆನ್ನೆಗೆ ಇಳಿಯಿತು, ಅಲ್ಲೇ ನಿಂತಿತು. ಮೈಮೇಲಿನ ಬೂದಿಗೂದಲು ಮಾತ್ರ ಹಳೆಯ ಕಂಬಳಿಯ ಹಾಗೆ ದಪ್ಪಗೆ ಅಂಟಿಕೊಂಡೇ ಇತ್ತು. ಉಜ್ಜಿ ನೋಡಲು ಕೈ ಹೋಗುತ್ತಿತ್ತು. ಕೆಂಪು ದಾರ ಕಣ್ಣಿಗೆ ಬೀಳುತ್ತಿತ್ತು. ಕೈ ಹಿಂದೆ ಬರುತ್ತಿತ್ತು. ಇನ್ನೊಬ್ಬರ ಮರಿಯ ಒಂದು ಕೂದಲನ್ನೂ ಕೀಳುವ ಹಕ್ಕು ಅವಳಿಗಿರಲಿಲ್ಲ.

ಸಂತ ಹುವಾನನ ಹಬ್ಬ ಬಂತು. ಆ ದಿನ ಊರಿಗೆ ಊರೇ ಹೊಳೆಯಲ್ಲಿ ಇರುತ್ತದೆ. ಗಂಡಸರು ಕುದುರೆಗಳನ್ನು ಮೀಯಿಸುತ್ತಾರೆ, ಹೆಣ್ಣುಮಕ್ಕಳು ಮರದ ದಿಮ್ಮಿಯ ಮೇಲೆ ಜಡೆಯ ತುದಿ ಇಟ್ಟು ಕೊಡಲಿಯಿಂದ ಕತ್ತರಿಸಿಕೊಳ್ಳುತ್ತಾರೆ. ಅಂದು ಕತ್ತರಿಸಿದ ಕೂದಲು ಹುಲುಸಾಗಿ ಬೆಳೆಯುತ್ತದೆಂದು ನಂಬಿಕೆ. ಕೊಡಲಿ ಯಾವಾಗಲೂ ಸಿಪ್ರಿಯಾನೋನದು. "ಕತ್ತು ಅಲ್ಲಾಡಿಸಬ್ಯಾಡ್ರಿ ಹುಡುಗೀರಾ, ಕಣ್ಣು ಸರಿಯಾಗಿ ಕಾಣಿಸಲ್ಲ," ಎಂದು ಅವನು ಹೆದರಿಸುವುದು, ಅವರು ಕಿರುಚುವುದು, ಪ್ರತಿ ವರ್ಷದ ಆಟ.

ತಿಬುರ್ಸಿಯಾ ಗೊಲೊಂದ್ರಿನಾವನ್ನು ನೀರಿಗಿಳಿಸಿದಳು. ಮರಿ ದಡದಲ್ಲಿ ನಿಂತು ಸ್ವಲ್ಪ ಹೊತ್ತು ಕುಣಿದು, ತಾಯಿ ನಡುನೀರಿಗೆ ಹೋದದ್ದನ್ನು ಕಂಡು ಹೆದರಿ ದಬಾರನೆ ಹಾರಿತು. ಎದ್ದು ಬಂದಾಗ ಮೈಯ ಕೂದಲೆಲ್ಲ ಗುಂಪು ಗುಂಪಾಗಿ ನಿಂತಿತ್ತು, ಒದ್ದೆ ಬೆಕ್ಕಿನ ಹಾಗೆ. ಜನ ನಕ್ಕರು.

ನಿಕಾನೋರ್ ದಡದ ಮೇಲೆ ಮಗುವನ್ನು ಎತ್ತಿಕೊಂಡು ಕುಳಿತಿದ್ದ. ಮಗುವನ್ನು ಎಫಿಹೇನಿಯಾಳ ಮಡಿಲಿಗಿಟ್ಟು ಎದ್ದು ಬಂದ.

"ಕೊಮಾದ್ರೆ, ಅವತ್ತು ನಮ್ಮನೇಲಿ ಒಂದು ಮಾತು ಅರ್ಧಕ್ಕೆ ಬಿಟ್ಟೆ."

"ಯಾವ್ದು?"

"ನನ್ನ ಹೆಂಡ್ತಿ ನಿದ್ದೆ ಕೊಡ್ತಾ ಇಲ್ಲ. ‘ಕೊಮಾದ್ರೆ ಏನೋ ನುಂಗಿಕೊಂಡ್ಳು, ಹೋಗಿ ಕೇಳು’ ಅಂತ ಒಂದೇ ಸಮ. ಹೇಳು. ಹುಟ್ಟುಗೂದಲು ಉದುರೋವರೆಗೂ ಬಣ್ಣ ಏನು?"

ತಿಬುರ್ಸಿಯಾ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹೇಳಬಾರದು," ಎಂದಳು ಕೊನೆಗೆ. "ಹುಟ್ಟುಗೂದಲು ಉದುರೋವರೆಗೂ ಬಣ್ಣ ಹೇಳಬಾರದು. ನಾನು ಹೇಳಿಬಿಟ್ಟೆ. ತಪ್ಪು ನಂದು, ಮಾತೂ ನಂದು. ನಾನು ಕೇಳ್ತಾ ಇಲ್ಲ ಕೊಂಪಾದ್ರೆ."

ನಿಕಾನೋರ್ ಮರಿಯನ್ನು ನೋಡಿದ. ಗಡ್ಡ ಕೆರೆದುಕೊಂಡ. ಅವನೂ ಕುದುರೆಗಳ ನಡುವೆ ಹುಟ್ಟಿ ಬೆಳೆದವನೇ. ಗ್ರುಯೋ ಬಣ್ಣದ ಆಸೆಗೆ ಅವನ ಕಣ್ಣಿಗೂ ಪೊರೆ ಬಂದಿತ್ತು. ದಿಮ್ಮಿಯ ಕಡೆ ತಿರುಗಿ, "ಸಿಪ್ರಿಯಾನೋ!" ಎಂದು ಕೂಗಿದ. "ಕೊಡಲಿ ಅಲ್ಲಿಡು. ಮೆಕ್ಕೆಜೋಳದ ಬೆಂಡು ಇದ್ರೆ ತಗೊಂಡು ಬಾ. ನೀನೇ ಸಾಕ್ಷಿ ಇದ್ದೋನು, ನೀನೇ ಉಜ್ಜು."

"ನಿನ್ನ ಮರಿ, ನೀನು ಹೇಳಿದ್ಮ್ಯಾಲೆ ನಂದೇನು," ಎನ್ನುತ್ತ ಮುದುಕ ಬಂದ. ಕಾಳು ಬಿಡಿಸಿದ ಬೆಂಡನ್ನು ಮರಿಯ ಪಕ್ಕೆಯ ಮೇಲಿಟ್ಟು ಒಂದು ಸಲ ಎಳೆದ. ಒದ್ದೆಗೂದಲು ಮುದ್ದೆಮುದ್ದೆಯಾಗಿ ಕಿತ್ತು ಬೆಂಡಿಗೆ ಅಂಟಿತು. ಮತ್ತೆ ಎಳೆದ. ಬೂದಿ ಬಣ್ಣದ ಉಂಡೆಗಳು ನೀರಿಗೆ ಬಿದ್ದು ತೇಲಿಹೋದವು. ಮರಿಗೆ ತುರಿಕೆ ಹಿತವಾಗಿ ಕತ್ತು ಉದ್ದ ಮಾಡಿ ತುಟಿ ಅದುರಿಸಿತು.

ಅಡಿಯಲ್ಲಿ ಕಂಡದ್ದು ಕಪ್ಪು. ಚಿಕ್ಕದಾಗಿ, ನುಣ್ಣಗೆ, ಎಣ್ಣೆ ಸವರಿದ ಬಾಣಲೆಯಂಥ ಕಪ್ಪು.

"ಬೆನ್ನು," ಎಂದ ನಿಕಾನೋರ್. ಅವನ ದನಿ ಸಣ್ಣದಾಗಿತ್ತು.

ಸಿಪ್ರಿಯಾನೋ ಬೆನ್ನ ಗೆರೆಯ ಮೇಲೆ ಬೆಂಡು ಎಳೆದ. ಗೆರೆ ಬೆಂಡಿನ ಜೊತೆ ಎದ್ದು ಬಂತು. ಕೆಳಗೆ ಗೆರೆಯಿಲ್ಲ, ಪಟ್ಟೆಯಿಲ್ಲ. ಪಕ್ಕದಲ್ಲಿ ನಿಂತು ನೀರು ತೊಟ್ಟಿಕ್ಕಿಸುತ್ತಿದ್ದ ಮುದಿ ಗೊಲೊಂದ್ರಿನಾದ ತುಂಡೊಂದನ್ನು ಕಡಿದು ಅಲ್ಲಿ ಇಟ್ಟಂತಿತ್ತು.

ತಿಬುರ್ಸಿಯಾ ನೀರಿನಲ್ಲೇ, ಲಂಗ ತೇಲುತ್ತಿದ್ದಂತೆ, ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟಳು. ಆದರೂ ನಿಕಾನೋರ್‌ನ ಮುಖವನ್ನೇ ನೋಡುತ್ತಿದ್ದಳು. ಸಾಕ್ಷಿಯ ಮುಂದೆ ಆಡಿದ ಮಾತು ಇನ್ನೂ ಹಾಗೆಯೇ ಇತ್ತು. ಅದನ್ನು ಬಿಡಿಸಬಲ್ಲವನು ಅವನೊಬ್ಬನೇ.

ನಿಕಾನೋರ್ ಸೊಂಟದಿಂದ ಚಾಕು ತೆಗೆದ. ಮರಿಯ ಕತ್ತು ಹಿಡಿದು ಕೆಂಪು ದಾರ ಕತ್ತರಿಸಿದ.

"ತಾಯಿ ಬಣ್ಣ ತಾಯಿಗೆ," ಎಂದ. ಆಮೇಲೆ, ಯಾರೂ ನಿರೀಕ್ಷಿಸದಂತೆ, ನಗಲಾರಂಭಿಸಿದ. ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ದೇವ್ರೇ, ಇವತ್ತು ಮನೇಲಿ ಅನ್ನ ನೀರು ಕಾಣ್ತೀನಿ! ಮೂರು ತಿಂಗಳಿಂದ ನನ್ನ ಹೆಂಡ್ತಿ ನನಗೆ ರೊಟ್ಟಿ ಬಿಸಿ ಮಾಡಿ ಕೊಟ್ಟಿಲ್ಲ ಕಣ್ರೋ!"

"ಇವತ್ತೂ ಕೊಡಲ್ಲ," ಎಂದಳು ಎಫಿಹೇನಿಯಾ ದಡದಿಂದ. "ಹಬ್ಬ, ನಂಗೂ ರಜ." ಆದರೆ ಅವಳು ಅಳುತ್ತಿದ್ದಳು, ಮಗುವಿನ ತಲೆಯ ಮೇಲೆ ಮುಖವಿಟ್ಟು.

"ನಿನ್ನ ಗ್ರುಯೋ ಹೋಯ್ತಲ್ಲ ಕೊಂಪಾದ್ರೆ," ಎಂದಳು ತಿಬುರ್ಸಿಯಾ ಕಲ್ಲಿನ ಮೇಲಿಂದಲೇ.

"ಹೋಗಲಿ ಬಿಡು. ಸೆನಿಸೋ ಇನ್ನೂ ನಿಂತಿದೆ. ಸತ್ತ ಮ್ಯಾಲೂ ಅರ್ಧ ಹರದಾರಿ ನಡೀತದೆ ಅಂದಿರ್ಲಿಲ್ವಾ?" ಎಂದು ಅವನು ಕೈ ಕೊಟ್ಟು ಅವಳನ್ನು ಎಬ್ಬಿಸಿದ. ಅವಳ ಕೈಯನ್ನು ತಕ್ಷಣ ಬಿಡಲಿಲ್ಲ. ಆಸೆ ಹೋದದ್ದಕ್ಕೋ, ಭಾರ ಇಳಿದದ್ದಕ್ಕೋ, ಅವಳು ಕೇಳಲಿಲ್ಲ. ಎದ್ದವಳು ಮರಿಯ ಬಳಿಗೆ ಹೋದಳು. ಅದರ ಕತ್ತು ಇನ್ನೂ ಅವಳ ಹಣೆಯ ಎತ್ತರಕ್ಕೆ ಬಂದಿರಲಿಲ್ಲ. ಸೊಂಟ ಬಗ್ಗಿಸಿ, ದಾರ ಇದ್ದ ಜಾಗಕ್ಕೆ, ಅರ್ಧ ಬೂದಿ ಅರ್ಧ ಕಪ್ಪಾದ ಒದ್ದೆ ಕತ್ತಿಗೆ ಹಣೆ ಒತ್ತಿದಳು. ಕೊಕ್ಕರೆಗಳು ಹೊರಟ ಬೆಳಿಗ್ಗೆಯಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಉಸಿರು ಒಮ್ಮೆಗೇ ಹೊರಬಿತ್ತು.

"ಗೆದ್ದರು," ಎಂದಳು ದಡದ ಮೇಲಿದ್ದ ಯಾವಳೋ ಒಬ್ಬಳು, ಅಭ್ಯಾಸಬಲದಿಂದ.

ಮರಿಯ ಮೈ ಮಳೆಗಾಲ ಮುಗಿಯುವುದರೊಳಗೆ ಪೂರ್ತಿ ಕಪ್ಪಾಯಿತು. ಆ ಮಗುವಿನ ಹುಟ್ಟುಗೂದಲೂ ಉದುರಿ, ಅಪ್ಪನದೇ ಕಾಗೆ ಬಣ್ಣದ ತಲೆ ಬಂತು. ಸೆನಿಸೋ ಇನ್ನೆರಡು ವರ್ಷ ಬದುಕಿತು, ಗ್ರುಯೋ ಮರಿಯನ್ನು ಮಾತ್ರ ಕೊಡಲಿಲ್ಲ. ಅದರ ಒಂದು ಕಂದು ಮಗಳ ಹೊಟ್ಟೆಯಲ್ಲಿ ಆ ಬಣ್ಣ ಮುಂದೆ ಬಂತಂತೆ. ನಿಕಾನೋರ್ ಆಗ ಆ ಮರಿಯನ್ನು ನಾಲ್ಕು ತಿಂಗಳು ಯಾರಿಗೂ ತೋರಿಸದೆ ಬಚ್ಚಿಟ್ಟಿದ್ದನೆಂದು ಊರಲ್ಲಿ ಹಾಸ್ಯ ಮಾಡುತ್ತಿದ್ದರು.

ತಿಬುರ್ಸಿಯಾ ಮರಿಯ ಹೆಸರನ್ನು ಬದಲಾಯಿಸಲಿಲ್ಲ. ಹೆಸರಿಟ್ಟವನು ಕೊಂಪಾದ್ರೆ, ತಾನು ಯಾಕೆ ಕೀಳಬೇಕು ಎಂದಳು. ಮುಂದೆ ಅದೆಷ್ಟೋ ವರ್ಷ ಆ ಬಯಲಿನಲ್ಲಿ ಅವಳು ಗ್ರುಯಾ ಎಂಬ ಕರಿ ಕುದುರೆಯ ಮೇಲೆ ಓಡಾಡಿದಳು. ಹೊಸಬರು ಕೇಳಿ ನಗುತ್ತಿದ್ದರು. ಕೂಸಿನ ಮೈಬಣ್ಣ ನೋಡಿ ಯಾವನಾದರೂ ಹೊಸ ತಂದೆ ಹುಬ್ಬು ಗಂಟಿಕ್ಕಿದರೆ, ಅವಳು ಹಳೆಯ ಮಾತನ್ನು ಹೇಳುತ್ತಲೇ ಇರಲಿಲ್ಲ. ಬಟ್ಟೆ ಹಿಂಡುತ್ತ, ತಿರುಗಿಯೂ ನೋಡದೆ, "ಹೊರಗೆ ಹೋಗಿ ನನ್ನ ಕುದುರೆಗೆ ಒಂದು ಬಕೆಟ್ ನೀರಿಡು," ಎನ್ನುತ್ತಿದ್ದಳು. "ಹೆಸರು ಹಿಡಿದು ಕರಿ, ಬರ್ತದೆ."